ಸಂವರತತ್ತ್ವ



ನಮ್ಮ ಸಂಘದ ವಾರ್ಷಿಕೋತ್ಸವಗಳಲ್ಲಿ ಕವಿಗಳನ್ನು ಕುರಿತೋ ಶಾಸನಗಳನ್ನು ಕುರಿತೋ ಶಾಲೆಯ ಸ್ಥಿತಿಗತಿಗಳನ್ನು ಕುರಿತೋ ಮಾತನಾಡುವುದು ರೂಢಿ. ಈ ಸಲ ಜೈನದರ್ಶನದ ಒಂದು ತತ್ತ್ವವನ್ನು ವಿಷಯವಾಗಿ ಆರಿಸಿಕೊಂಡಿರುವುದನ್ನು ಕಂಡು ಕೆಲವರಿಗೆ ಆಶ್ಚರ್ಯವಾಗಿರಬಹುದು. ಇದಕ್ಕೆ ಎರಡು ಕಾರಣಗಳುಂಟು. ಮೊದಲನೆಯದು, ಈ ತತ್ತ್ವವು ನಮಗೆ ಹೊರಗಿನದಲ್ಲ, ನಮ್ಮ ಈ ಬಯಲುಸೀಮೆಯ ಮಣ್ಣಿಗೆ ಸಂಬಂಧಪಟ್ಟದ್ದು. ಎರಡನೆಯದು ನಮ್ಮ ಸಂಘದಲ್ಲಿಯೇ ನಡೆದ ಒಂದು ಪ್ರಸಂಗ. ಅದನ್ನು ಕೊನೆಯಲ್ಲಿ ಅರಿಕೆ ಮಾಡಿಕೊಳ್ಳುತ್ತೇವೆ.

1953ನೆಯ ಇಸವಿಯ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯು ಒಡೆದು, ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರ ರಾಜ್ಯಕ್ಕೆ ಸೇರಿದುವು. ಗಡಿಯ ಗೆರೆ ಅಂದಿನದು. ಇಲ್ಲಿಯ ಕನ್ನಡವಾದರೋ ಸಾವಿರ ವರ್ಷಗಳಿಗೂ ಹಿಂದಿನದು. ಗುಂತಕಲ್ಲಿನ ಸಮೀಪದಲ್ಲಿ ಕೊನಕೊಂಡ್ಲ ಎಂಬ ಗ್ರಾಮವಿದೆ. ಅಲ್ಲಿಯ ಗುಡ್ಡವನ್ನು ಜನರು ರಸಸಿದ್ಧರ ಗುಡ್ಡವೆಂದು ಕರೆಯುತ್ತಾರೆ. ಕಬ್ಬಿಣವನ್ನು ಚಿನ್ನ ಮಾಡಬಲ್ಲ ಸಿದ್ಧರ ನೆಲೆ ಎಂಬುದು ಆ ಹೆಸರಿನ ಭಾವ. ಗುಡ್ಡದ ಮೇಲೆ ಇರುವುದಾದರೋ ಬತ್ತಲೆ ನಿಂತ ತೀರ್ಥಂಕರರ ಬಿಂಬಗಳು. ಪಿ. ಬಿ. ದೇಸಾಯಿಯವರು 1957ರಲ್ಲಿ ಸೊಲ್ಲಾಪುರದಿಂದ ಪ್ರಕಟವಾದ ತಮ್ಮ ಗ್ರಂಥದಲ್ಲಿ ಇಲ್ಲಿಯ ಕನ್ನಡ ಶಾಸನಗಳನ್ನು ಪರಿಶೀಲಿಸಿ, ಈ ಊರೇ ಪ್ರಾಚೀನವಾದ ಕೊಂಡಕುಂದೆ ಎಂದೂ, ದಿಗಂಬರ ಪರಂಪರೆಯ ಮಹಾ ಆಚಾರ್ಯರಾದ ಕುಂದಕುಂದರ ಹೆಸರು ಈ ಊರಿನಿಂದಲೇ ಬಂದಿತೆಂದೂ ಪ್ರತಿಪಾದಿಸಿದರು. ಕುಂದಕುಂದರ ಕಾಲವನ್ನು ಕುರಿತು ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯಗಳಿವೆ. ಆದರೆ ಅವರ ಪ್ರಾಕೃತ ಗ್ರಂಥವಾದ ‘ಸಮಯಸಾರ’ದಲ್ಲಿ ಸಂವರಾಧಿಕಾರವೆಂಬ ಒಂದು ಭಾಗವೇ ಇದೆ. ಆ ಗ್ರಂಥಕ್ಕೆ ಅಧ್ಯಾತ್ಮಿ ಬಾಲಚಂದ್ರರು ಕನ್ನಡದಲ್ಲಿ ವ್ಯಾಖ್ಯಾನವನ್ನು ರಚಿಸಿದರು. ಹೀಗಿರುವಾಗ ಸಂವರವನ್ನು ಕುರಿತು ನಾವು ಮಾತನಾಡುವುದು ನಮ್ಮ ಮನೆಯ ಹಳೆಯ ಪೆಟ್ಟಿಗೆಯನ್ನು ತೆರೆದು ನೋಡಿದಂತೆಯೇ ಸರಿ.

ಮೊದಲು ಕರ್ಮವೆಂಬ ಮಾತಿನ ಅರ್ಥವನ್ನು ತಿಳಿಯಬೇಕು. ಮಳೆ ಬಾರದಿದ್ದರೆ, ಮಗ ಹಾದಿ ತಪ್ಪಿದರೆ, ‘ಎಲ್ಲಾ ನಮ್ಮ ಕರ್ಮ’ ಎಂದು ನಾವು ಹಣೆ ಮುಟ್ಟಿಕೊಳ್ಳುತ್ತೇವೆ. ಅಲ್ಲಿ ಕರ್ಮವೆಂದರೆ ಹಣೆಬರಹ. ಜೈನರ ಕರ್ಮ ಅದಲ್ಲ. ಅವರ ಮತದಲ್ಲಿ ಕರ್ಮವೆಂಬುದು ಅತಿ ಸೂಕ್ಷ್ಮವಾದ ಒಂದು ದ್ರವ್ಯ. ಅದನ್ನು ಪುದ್ಗಲವೆಂದು ಕರೆಯುತ್ತಾರೆ. ಜೀವನು ಮನಸ್ಸಿನಿಂದಲೋ ಮಾತಿನಿಂದಲೋ ಕಾಯದಿಂದಲೋ ಏನಾದರೊಂದು ಮಾಡಿದಾಗ ಆತ್ಮಪ್ರದೇಶಗಳಲ್ಲಿ ಒಂದು ಸ್ಪಂದನವುಂಟಾಗುತ್ತದೆ. ಇದಕ್ಕೆ ಯೋಗವೆಂದು ಹೆಸರು. ಆ ಸ್ಪಂದನದ ಮೂಲಕ ಕರ್ಮಪುದ್ಗಲವು ಒಳಕ್ಕೆ ಹರಿದುಬರುವುದೇ ಆಸ್ರವ. ಬಂದದ್ದು ಜೀವನೊಡನೆ ಬೆಸೆದುಕೊಳ್ಳುವುದು ಬಂಧ. ಬರುವುದನ್ನು ತಡೆಯುವುದು ಸಂವರ. ಬೆಸೆದಿದ್ದುದು ಕಳಚಿ ಉದುರುವುದು ನಿರ್ಜರೆ. ಎಲ್ಲವೂ ಕಳಚಿದ ನಿಲವೇ ಮೋಕ್ಷ. ಜೀವ ಮತ್ತು ಅಜೀವಗಳನ್ನು ಇವಕ್ಕೆ ಸೇರಿಸಿದರೆ ಏಳು ತತ್ತ್ವಗಳಾಗುತ್ತವೆ.

ಆಸ್ರವಕ್ಕೆ ಕೆರೆಯ ದೃಷ್ಟಾಂತವನ್ನು ಕೊಡುವುದು ಶಾಸ್ತ್ರಜ್ಞರ ಪದ್ಧತಿ. ನೀರು ಬರುವ ಹಳ್ಳಗಳನ್ನು ಕಟ್ಟಿದರೆ ಕೆರೆಗೆ ಹೊಸ ನೀರು ಬಾರದು, ಇದ್ದ ನೀರು ಬಿಸಿಲಿಗೆ ಬತ್ತುವುದು ಎನ್ನುತ್ತಾರೆ. ಆದರೆ ಕೆರೆಗೆ ನೀರು ಬರಲೆಂದು ವರ್ಷವೆಲ್ಲ ಆಕಾಶವನ್ನು ನೋಡುವ ನಮ್ಮ ಸೀಮೆಯ ರೈತರಿಗೆ ಈ ದೃಷ್ಟಾಂತವು ಅಷ್ಟಾಗಿ ರುಚಿಸಲಾರದು! ಅವರಿಗೆ ಗೊತ್ತಿರುವ ಇನ್ನೊಂದು ದೃಷ್ಟಾಂತವಿದೆ: ಗಾಳಿ ಮತ್ತು ಧೂಳು. ಬೇಸಗೆಯ ಸುಂಟರಗಾಳಿಯಲ್ಲಿ ಇಬ್ಬರು ನಡೆದು ಬರುತ್ತಾರೆಂದು ಭಾವಿಸೋಣ. ಒಬ್ಬನು ಮೈಗೆ ಎಣ್ಣೆ ಹಚ್ಚಿಕೊಂಡವನು, ಇನ್ನೊಬ್ಬನು ಒಣ ಮೈಯವನು. ಗಾಳಿ ಒಂದೇ, ಧೂಳೂ ಒಂದೇ. ಒಣ ಮೈಯವನು ಮನೆಗೆ ಬಂದು ಕೊಡವಿಕೊಂಡರೆ ಧೂಳು ಉದುರಿಹೋಗುತ್ತದೆ. ಎಣ್ಣೆಯ ಮೈಯವನಿಗೆ ಅದು ಮೆತ್ತಿಕೊಳ್ಳುತ್ತದೆ.

ಇಲ್ಲಿ ಗಾಳಿಯೇ ಯೋಗ, ಎಣ್ಣೆಯೇ ಕಷಾಯ. ಕ್ರೋಧ, ಮಾನ, ಮಾಯೆ, ಲೋಭ ಎಂಬ ನಾಲ್ಕೂ ಕಷಾಯಗಳು. ಬರುವ ಕರ್ಮದ ಸ್ವಭಾವವನ್ನೂ ಪ್ರಮಾಣವನ್ನೂ ಯೋಗವು ನಿರ್ಣಯಿಸುತ್ತದೆ. ಅದು ಎಷ್ಟು ಕಾಲ ಅಂಟಿಕೊಂಡಿರಬೇಕು, ಎಷ್ಟು ತೀವ್ರವಾಗಿ ಫಲ ಕೊಡಬೇಕು ಎಂಬುದನ್ನು ಕಷಾಯವು ನಿರ್ಣಯಿಸುತ್ತದೆ. ಕಷಾಯವಿಲ್ಲದವನಲ್ಲಿಯೂ ಕರ್ಮವು ಬರುತ್ತದೆ. ಆದರೆ ನಿಲ್ಲದೆ ಕೂಡಲೇ ಕಳಚಿಹೋಗುತ್ತದೆ. ಇದನ್ನು ಈರ್ಯಾಪಥ ಆಸ್ರವವೆನ್ನುತ್ತಾರೆ. ಸಂಸಾರವನ್ನು ಬೆಳೆಸುವುದು ಕಷಾಯಸಹಿತವಾದ ಸಾಂಪರಾಯಿಕ ಆಸ್ರವ.

ಶುಭ ಯೋಗದಿಂದ ಪುಣ್ಯಕರ್ಮವೂ ಅಶುಭ ಯೋಗದಿಂದ ಪಾಪಕರ್ಮವೂ ಬರುತ್ತವೆ ಎಂಬುದನ್ನೂ ಇಲ್ಲಿ ನೆನೆಯಬೇಕು. ಮೋಕ್ಷವನ್ನು ಗುರಿಯಾಗಿಟ್ಟುಕೊಂಡವನಿಗೆ ಎರಡೂ ಕಟ್ಟುಗಳೇ. ಕಬ್ಬಿಣದ ಸಂಕಲೆಯಂತೆಯೇ ಚಿನ್ನದ ಸಂಕಲೆಯೂ ಕಟ್ಟುತ್ತದೆಂಬ ಕುಂದಕುಂದರ ಅಭಿಪ್ರಾಯವು ಪ್ರಸಿದ್ಧವಾಗಿದೆ. ಗೃಹಸ್ಥರಾದ ನಾವು ಇದನ್ನು ಕೇಳಿ ದಾನಧರ್ಮಗಳನ್ನು ಬಿಡತಕ್ಕದ್ದಲ್ಲ. ದಾನ ಮಾಡಿದ ಮೇಲೆ ‘ನಾನು ಮಾಡಿದೆ’ ಎಂಬ ಮಾನಕಷಾಯವು ಯಾವ ಬಾಗಿಲಿನಿಂದ ನುಗ್ಗಿತೆಂಬುದನ್ನು ನೋಡಿಕೊಂಡರೆ ಸಾಕು.

ನಿರ್ಜರೆಗಿಂತ ಮೊದಲು ಸಂವರವನ್ನು ಹೇಳಿರುವುದರಲ್ಲಿ ಒಂದು ವಿವೇಕವಿದೆ. ತಳದಲ್ಲಿ ತೂತು ಬಿದ್ದ ಹರಿಗೋಲಿನಲ್ಲಿ ಕುಳಿತವನು ತೂತನ್ನು ಮುಚ್ಚದೆ ನೀರನ್ನು ಮೊಗೆದು ಚೆಲ್ಲುತ್ತ ಕುಳಿತರೆ ಕೈ ಸೋಲುತ್ತದೆಯೇ ಹೊರತು ಹರಿಗೋಲು ಉಳಿಯುವುದಿಲ್ಲ. ಸಾಲಗಾರನ ಕಥೆಯೂ ಇದೇ. ಹಳೆಯ ಸಾಲವನ್ನು ತೀರಿಸುವುದು ನಿರ್ಜರೆ. ಹೊಸ ಪತ್ರವನ್ನು ಬರೆದುಕೊಡದಿರುವುದು ಸಂವರ. ಉಪವಾಸ ವ್ರತಗಳನ್ನು ಮಾಡಿ ಹಳೆಯ ಪಾಪ ಕಳೆಯಿತೆಂದುಕೊಂಡು, ಪಾರಣೆಯ ದಿನವೇ ನೆರೆಯವನ ಮೇಲೆ ಹರಿಹಾಯುವವನು ಒಂದು ಕೈಯಲ್ಲಿ ತೀರಿಸಿ ಇನ್ನೊಂದು ಕೈಯಲ್ಲಿ ಪತ್ರ ಬರೆಯುವವನು.

ಹಾಗಾದರೆ ತಡೆಯುವುದು ಹೇಗೆ? ಉಮಾಸ್ವಾಮಿಗಳ ‘ತತ್ತ್ವಾರ್ಥಸೂತ್ರ’ವು ಹತ್ತು ಅಧ್ಯಾಯಗಳ ಗ್ರಂಥ. ಅದರ ಒಂಬತ್ತನೆಯ ಅಧ್ಯಾಯವು ಸಂವರ ನಿರ್ಜರೆಗಳನ್ನು ವಿವರಿಸುತ್ತದೆ. ಗುಪ್ತಿಗಳು 3, ಸಮಿತಿಗಳು 5, ಧರ್ಮಗಳು 10, ಅನುಪ್ರೇಕ್ಷೆಗಳು 12, ಪರೀಷಹಜಯಗಳು 22, ಚಾರಿತ್ರಗಳು 5, ಹೀಗೆ ಒಟ್ಟು 57 ಉಪಾಯಗಳು. ಮನ, ವಚನ, ಕಾಯಗಳನ್ನು ಅಂಕೆಯಲ್ಲಿಡುವುದು ಗುಪ್ತಿ. ಆದರೆ ದೇಹವಿರುವವರೆಗೆ ನಡೆಯದೆ, ಮಾತನಾಡದೆ, ಉಣ್ಣದೆ ಇರಲು ಸಾಧ್ಯವೆ? ಅದಕ್ಕಾಗಿ ಸಮಿತಿಗಳು. ನೆಲವನ್ನು ನೋಡಿ ನಡೆಯುವುದು ಈರ್ಯಾಸಮಿತಿ. ಹಿತವಾಗಿ ಮಿತವಾಗಿ ಸಂದೇಹಕ್ಕೆಡೆಯಿಲ್ಲದಂತೆ ನುಡಿಯುವುದು ಭಾಷಾಸಮಿತಿ. ನಿರ್ದೋಷವಾದ ಆಹಾರವನ್ನು ಸ್ವೀಕರಿಸುವುದು ಏಷಣಾಸಮಿತಿ. ವಸ್ತುಗಳನ್ನು ನೋಡಿ ತೆಗೆದುಕೊಳ್ಳುವುದು, ನೋಡಿ ಇಡುವುದು ಆದಾನನಿಕ್ಷೇಪಣ ಸಮಿತಿ. ಜೀವವಿಲ್ಲದ ಎಡೆಯಲ್ಲಿ ಮಲಮೂತ್ರಗಳನ್ನು ವಿಸರ್ಜಿಸುವುದು ಉತ್ಸರ್ಗಸಮಿತಿ. ಸಂವರವೆಂದರೆ ಏನನ್ನೂ ಮಾಡದೆ ಸುಮ್ಮನೆ ಕುಳಿತಿರುವುದೆಂದು ಕೆಲವರು ತಿಳಿದಿದ್ದಾರೆ. ಅವರ ತಿಳಿವಳಿಕೆ ಸರಿಯಲ್ಲವೆಂಬುದು ಈ ಐದರಿಂದಲೇ ಸ್ಪಷ್ಟವಾಗುತ್ತದೆ. ಮಾಡಬೇಕಾದುದನ್ನು ಎಚ್ಚರದಿಂದ ಮಾಡುವುದೂ ಸಂವರವೇ.

ಕ್ಷಮೆ, ಮಾರ್ದವ, ಆರ್ಜವ, ಶೌಚ, ಸತ್ಯ, ಸಂಯಮ, ತಪ, ತ್ಯಾಗ, ಆಕಿಂಚನ್ಯ, ಬ್ರಹ್ಮಚರ್ಯ ಇವು ಹತ್ತು ಧರ್ಮಗಳು. ಮೊದಲ ನಾಲ್ಕನ್ನು ಸ್ವಲ್ಪ ಪರಿಶೀಲಿಸಿರಿ. ಕ್ರೋಧಕ್ಕೆ ಎದುರಾಗಿ ಕ್ಷಮೆ, ಮಾನಕ್ಕೆ ಎದುರಾಗಿ ಮಾರ್ದವವೆಂಬ ಮೃದುತ್ವ, ಮಾಯೆಗೆ ಎದುರಾಗಿ ಆರ್ಜವವೆಂಬ ನೇರನಡೆ, ಲೋಭಕ್ಕೆ ಎದುರಾಗಿ ಶೌಚವೆಂಬ ನಿರ್ಮಲತೆ. ನಾಲ್ಕು ಬಾಗಿಲುಗಳಿಗೆ ನಾಲ್ಕು ಅಗುಳಿಗಳು.

ಅನಿತ್ಯ, ಅಶರಣ ಮೊದಲಾದ ಹನ್ನೆರಡು ಭಾವನೆಗಳನ್ನು ಮತ್ತೆ ಮತ್ತೆ ಮನಸ್ಸಿಗೆ ತಂದುಕೊಳ್ಳುವುದು ಅನುಪ್ರೇಕ್ಷೆ. ಕುಂದಕುಂದರು ಈ ಹನ್ನೆರಡನ್ನೇ ವಿಷಯವಾಗಿಟ್ಟುಕೊಂಡು ಒಂದು ಪ್ರತ್ಯೇಕ ಕೃತಿಯನ್ನೂ ರಚಿಸಿದ್ದಾರೆ. ಹಸಿವು, ಬಾಯಾರಿಕೆ, ಚಳಿ, ಸೆಕೆ, ಸೊಳ್ಳೆಯ ಕಾಟ, ಬೈಗುಳ, ಹೊಡೆತ, ರೋಗ ಮುಂತಾದ ಇಪ್ಪತ್ತೆರಡನ್ನು ಕಲಕದ ಮನಸ್ಸಿನಿಂದ ಸಹಿಸುವುದು ಪರೀಷಹಜಯ. ಈ ಪಟ್ಟಿಯಲ್ಲಿ ಸತ್ಕಾರಪುರಸ್ಕಾರವೂ ಸೇರಿದೆ ಎಂಬುದು ಗಮನಿಸತಕ್ಕ ಸಂಗತಿ. ಬೈಗುಳದಂತೆ ಹೂವಿನ ಹಾರವೂ ಒಂದು ಪರೀಕ್ಷೆಯೇ! ಇಂತಹ ಸಂಕಟಗಳನ್ನು ಸಹಿಸಿದ ಹತ್ತೊಂಬತ್ತು ಮಹಾಪುರುಷರ ಕಥೆಗಳೇ ನಮ್ಮ ಪ್ರಾಚೀನ ಗದ್ಯಕೃತಿಯಾದ ‘ವಡ್ಡಾರಾಧನೆ’. ಸುಕುಮಾರಸ್ವಾಮಿಯ ಮೈಯನ್ನು ನರಿಯು ಮರಿಗಳೊಡನೆ ತಿನ್ನುತ್ತಿದ್ದರೂ ಆತನ ಮನಸ್ಸಿನಲ್ಲಿ ಕ್ರೋಧವು ಕಾಲಿಡಲಿಲ್ಲವೆಂಬ ಕಥೆಯನ್ನು ಓದಿದಾಗ, ಇಷ್ಟು ನಮ್ಮಿಂದಾಗದೆಂದು ನಾವು ಹಿಂಜರಿಯಬಹುದು. ನಮ್ಮನ್ನು ಯಾರೂ ಅಷ್ಟು ಕೇಳಿಲ್ಲ. ಗೃಹಸ್ಥರಿಗೆ ಐದು ಅಣುವ್ರತಗಳೂ ಮೂರು ಗುಣವ್ರತಗಳೂ ನಾಲ್ಕು ಶಿಕ್ಷಾವ್ರತಗಳೂ ವಿಧಿಸಲ್ಪಟ್ಟಿವೆ. ಶಿಕ್ಷಾವ್ರತಗಳಲ್ಲೊಂದಾದ ಸಾಮಾಯಿಕಕ್ಕೆ ಎರಡು ಘಳಿಗೆ, ಎಂದರೆ 48 ನಿಮಿಷ, ಸಮಭಾವದಿಂದ ಕುಳಿತರಾಯಿತು.

ಬಾಗಿಲುಗಳು ಒಂದೇ ದಿನ ಮುಚ್ಚುವುದಿಲ್ಲವೆಂಬುದನ್ನು ಶಾಸ್ತ್ರವು ಒಪ್ಪಿದೆ. ಬಂಧಕ್ಕೆ ಕಾರಣಗಳು ಐದು: ಮಿಥ್ಯಾತ್ವ, ಅವಿರತಿ, ಪ್ರಮಾದ, ಕಷಾಯ, ಯೋಗ. ಆತ್ಮೋನ್ನತಿಯ ಮೆಟ್ಟಿಲುಗಳಾದ ಗುಣಸ್ಥಾನಗಳು ಹದಿನಾಲ್ಕು. ನಾಲ್ಕನೆಯ ಮೆಟ್ಟಿಲಿನಲ್ಲಿ ನಿಂತವನಿಗೆ ಸುಳ್ಳನ್ನು ಸತ್ಯವೆಂದು ನಂಬುವ ಮಿಥ್ಯಾತ್ವವಿಲ್ಲ. ಐದನೆಯದರಲ್ಲಿ ವ್ರತಹೀನತೆಯಾದ ಅವಿರತಿಯು ಭಾಗಶಃ ಕಳೆದು, ಆರನೆಯದರಲ್ಲಿ ಪೂರ್ಣವಾಗಿ ಇಲ್ಲವಾಗುತ್ತದೆ. ಏಳನೆಯದರಲ್ಲಿ ಪ್ರಮಾದವೆಂಬ ಮೈಮರೆವು ಹೋಗುತ್ತದೆ. ಹತ್ತನೆಯದರವರೆಗೂ ಸೂಕ್ಷ್ಮವಾದ ಲೋಭವು ಉಳಿದೇ ಇರುತ್ತದೆ. ಹದಿಮೂರರವರೆಗೆ ಯೋಗವಿರುತ್ತದೆ. ಹದಿನಾಲ್ಕರಲ್ಲಿ ಮಾತ್ರ ಪರಿಪೂರ್ಣ ಸಂವರ. ಆದ್ದರಿಂದ ಒಂದು ಬಾಗಿಲನ್ನು ಮುಚ್ಚಿದವನು ಉಳಿದ ನಾಲ್ಕು ತೆರೆದಿವೆಯೆಂದು ನಿರಾಶನಾಗಬೇಕಾಗಿಲ್ಲ. ಒಂದನ್ನು ಮುಚ್ಚಿದೆನೆಂದು ಬೀಗಬೇಕಾಗಿಯೂ ಇಲ್ಲ.

ಉಮಾಸ್ವಾಮಿಗಳು ಉಪಾಯಗಳನ್ನು ಎಣಿಸಿದರು. ಕುಂದಕುಂದರು ಬೇರಿಗೆ ಕೈ ಹಾಕಿದರು. ಅವರ ದೃಷ್ಟಿಯಲ್ಲಿ ಸಂವರಕ್ಕೆ ಮೂಲವಾದುದು ಭೇದವಿಜ್ಞಾನ. ತಿಳಿಯುವುದು ಆತ್ಮನ ಸ್ವಭಾವ. ಕ್ರೋಧವಾದರೋ ಕರ್ಮದ ಉದಯದಿಂದ ಬಂದುದು. ಎರಡೂ ಒಟ್ಟಿಗೆ ಕಾಣಿಸಿಕೊಂಡರೂ ಒಂದೇ ಅಲ್ಲ. ‘ನನಗೆ ಸಿಟ್ಟು ಬಂದಿತು’ ಎಂದು ನಾವು ಕನ್ನಡದಲ್ಲಿ ಹೇಳುತ್ತೇವಲ್ಲವೆ? ನಮ್ಮ ನುಡಿಯಲ್ಲಿ ಸಿಟ್ಟು ‘ಬರುತ್ತದೆ’, ಅತಿಥಿಯ ಹಾಗೆ. ಬಂದದ್ದನ್ನು ಮನೆಯ ಯಜಮಾನನೆಂದು ತಿಳಿಯುವುದೇ ಅಜ್ಞಾನ. ಬಂದವನು ಬೇರೆ, ಯಜಮಾನನು ಬೇರೆ ಎಂದರಿತ ಕ್ಷಣವೇ ಸಂವರದ ಆರಂಭ. ಚಿನ್ನವನ್ನು ಬೆಂಕಿಯಲ್ಲಿ ಎಷ್ಟು ಕಾಸಿದರೂ ಅದು ತನ್ನ ಚಿನ್ನತನವನ್ನು ಬಿಡದಿರುವಂತೆ, ಕರ್ಮದ ಉದಯವು ಎಷ್ಟು ಸುಟ್ಟರೂ ಜ್ಞಾನಿಯು ತನ್ನ ಜ್ಞಾನಸ್ವಭಾವವನ್ನು ಬಿಡುವುದಿಲ್ಲವೆಂಬುದು ಅವರ ದೃಷ್ಟಾಂತದ ತಾತ್ಪರ್ಯ. ರಸಸಿದ್ಧರ ಗುಡ್ಡದಲ್ಲಿ ಕಬ್ಬಿಣವು ಚಿನ್ನವಾಗುತ್ತದೆಂದು ನಂಬಿ ಹುಡುಕಿದವರು ಎಷ್ಟು ಮಂದಿಯೋ! ಆ ಊರಿನ ಹೆಸರನ್ನು ಹೊತ್ತ ಆಚಾರ್ಯರು ಹೇಳಿದ್ದು, ಚಿನ್ನವು ಮೊದಲಿನಿಂದಲೂ ನಿಮ್ಮಲ್ಲಿಯೇ ಇದೆಯೆಂದು.

ಮನಸ್ಸಿನ ಬಾಗಿಲು ಎಷ್ಟು ದೊಡ್ಡದೆಂಬುದನ್ನು ತಿಳಿಯಲು 1209ರಲ್ಲಿ ರಚಿತವಾದ ಜನ್ನನ ‘ಯಶೋಧರ ಚರಿತೆ’ಯನ್ನು ನೋಡಬಹುದು. ರಾಣಿ ಅಮೃತಮತಿಯು ಇರುಳಿನಲ್ಲಿ ಮಾವಟಿಗನಾದ ಅಷ್ಟಾವಂಕನ ಗಾನವನ್ನು ಕೇಳಿದಳು. ಕಿವಿಯ ಬಾಗಿಲಿನಿಂದ ಬಂದುದು ಮನೆಯನ್ನೇ ಮುಳುಗಿಸಿತು. ಯಶೋಧರನಾದರೋ ತಾಯಿಯ ಮಾತಿಗೆ ಕಟ್ಟುಬಿದ್ದು, ಜೀವವಿರುವ ಪ್ರಾಣಿಯನ್ನು ಕೊಲ್ಲಲು ಒಪ್ಪದೆ, ಹಿಟ್ಟಿನ ಕೋಳಿಯನ್ನು ಬಲಿಗೊಟ್ಟನು. ಹರಿದದ್ದು ಹಿಟ್ಟು, ರಕ್ತವಲ್ಲ. ಆದರೂ ತಾಯಿ ಮಕ್ಕಳಿಬ್ಬರೂ ಅನೇಕ ಪ್ರಾಣಿಜನ್ಮಗಳಲ್ಲಿ ತೊಳಲಬೇಕಾಯಿತು. ಕತ್ತಿಗೆ ಸಿಕ್ಕಿದುದು ಹಿಟ್ಟಾದರೂ ಸಂಕಲ್ಪಕ್ಕೆ ಸಿಕ್ಕಿದುದು ಜೀವವೇ ಆಗಿತ್ತು. ಈ ಕಥೆಯನ್ನು ಬಲಿಗೆಂದು ತಂದ ಇಬ್ಬರು ಎಳೆಯರ ಬಾಯಿಂದ ಕೇಳಿ, ಮಾರಿದತ್ತ ರಾಜನು ಕೊಲೆಯ ಕೈಯನ್ನು ಹಿಂದೆಗೆದನು. ಕೇಳಿ ಕೈ ತಡೆದ ಆ ಗಳಿಗೆಗೆ ಸಂವರವೆಂದು ಹೆಸರಿಡಬಹುದು.

ಇನ್ನು ನಮ್ಮ ಪ್ರಸಂಗಕ್ಕೆ ಬರೋಣ. ಕೆಲವು ವರ್ಷಗಳ ಹಿಂದೆ ಸಂಘದ ಪುಸ್ತಕ ಭಂಡಾರಕ್ಕೆ ಒಂದು ಕೋಣೆಯನ್ನು ಕಟ್ಟಿದೆವು. ಬಾಗಿಲ ಮೇಲಿನ ಕಲ್ಲಿನಲ್ಲಿ ಯಾರ ಹೆಸರನ್ನು ಕೆತ್ತಿಸಬೇಕೆಂಬ ಮಾತು ಬಂದಿತು. ಮಾತು ಬೆಳೆಯಿತು. ಒಬ್ಬ ಹಿರಿಯರ ತೀರಿಹೋದ ತಂದೆಯವರನ್ನು ಕುರಿತು ಆಡಬಾರದ ಒಂದು ನುಡಿಯನ್ನು ಆ ಸಭೆಯಲ್ಲಿ ಆಡಲಾಯಿತು. ಅದನ್ನು ಆಡಿದವರು ನಾವೇ; ಆಡಿದಾಗ ನಕ್ಕವರೂ ನಾವೇ. ಮರುದಿನದಿಂದ ಆ ಮನೆಯವರೂ ಅವರ ದಾಯಾದಿಗಳೂ ಸಂಘಕ್ಕೆ ಬರಲಿಲ್ಲ. ಬರುವ ಜೂನ್ ತಿಂಗಳಲ್ಲಿ ಆ ಎರಡು ಮನೆಗಳ ಮೂವರು ಮಕ್ಕಳು ಕನ್ನಡ ಶಾಲೆಯಿಂದ ಬೇರೆ ಮಾಧ್ಯಮದ ಶಾಲೆಗೆ ಹೋದರು. ಗಡಿನಾಡಿನ ಶಾಲೆಯಲ್ಲಿ ಮೂವರು ಕಡಿಮೆಯಾದರೆ ಏನಾಗುತ್ತದೆಂಬುದನ್ನು ಇಲ್ಲಿರುವ ಉಪಾಧ್ಯಾಯರು ನಮಗಿಂತ ಚೆನ್ನಾಗಿ ಬಲ್ಲರು.

ನಾಲ್ಕು ವರ್ಷಗಳು ಕಳೆದುವು. ಆ ಹಿರಿಯರು ಜೈನರು. ಭಾದ್ರಪದ ಶುದ್ಧ ಪಂಚಮಿಯಿಂದ ಚತುರ್ದಶಿಯವರೆಗೆ ಅವರಲ್ಲಿ ದಶಲಕ್ಷಣ ಪರ್ವವು ನಡೆಯುತ್ತದೆ. ಹತ್ತು ಧರ್ಮಗಳನ್ನು ದಿನಕ್ಕೊಂದರಂತೆ ಚಿಂತಿಸಿ, ಪರ್ವವು ಮುಗಿದ ಮೇಲೆ ಒಬ್ಬರನ್ನೊಬ್ಬರು ಕ್ಷಮೆ ಕೇಳುತ್ತಾರೆ. ಇದೇ ಕ್ಷಮಾವಣಿ. ಅಂದು ಬೆಳಗ್ಗೆ ಅವರು ತಾವಾಗಿಯೇ ನಮ್ಮ ಮನೆಯ ಬಾಗಿಲಿಗೆ ಬಂದರು. ನಾವು ಎದ್ದು ನಿಂತೆವು. ಬಾಯಿಗೆ ಮಾತು ಬರಲಿಲ್ಲ. ಅವರೇ ಕೈಮುಗಿದು, “ನಾಲ್ಕು ವರ್ಷ ನಿಮ್ಮ ಮೇಲೆ ಮನಸ್ಸಿನಲ್ಲಿ ವಿಷ ಇಟ್ಟುಕೊಂಡಿದ್ದೆನಪ್ಪಾ, ಕ್ಷಮಿಸಬೇಕು” ಎಂದರು. ತಪ್ಪು ನಮ್ಮದಲ್ಲವೆ, ತಾವೇಕೆ ಕೇಳುತ್ತೀರಿ ಎಂದುದಕ್ಕೆ, “ನೀವು ಆಡಿದ್ದು ನಿಮ್ಮ ಲೆಕ್ಕ. ನಾನು ಇಟ್ಟುಕೊಂಡದ್ದು ನನ್ನ ಲೆಕ್ಕ. ನನ್ನ ಬಾಗಿಲನ್ನು ನಾನೇ ಮುಚ್ಚಬೇಕು” ಎಂದರು.

ಸಂವರವೆಂಬ ಪದವನ್ನು ನಾವು ಪುಸ್ತಕದಲ್ಲಿ ಹುಡುಕಿದ್ದು ಆ ದಿನದ ಮೇಲೆಯೇ. ಮುಂದಿನ ವಾರ ನಾವು ಅವರ ಮನೆಗೆ ಹೋಗಿ ಕ್ಷಮೆ ಬೇಡಿದೆವು. ಅವರು ಮತ್ತೆ ಸಭೆಗೆ ಬಂದರು. ಆದರೆ ಮಕ್ಕಳು ಮಾತ್ರ ಶಾಲೆಗೆ ಹಿಂದಿರುಗಲಿಲ್ಲ. ಇಬ್ಬರು ಮೇಲಿನ ತರಗತಿಗೆ ಹೋಗಿದ್ದರು. ಮೂರನೆಯವನಿಗೆ ಕನ್ನಡ ಅಕ್ಷರಗಳು ಮರೆತಿದ್ದುವು. ಬಂಧವೆಂದರೆ ಇದು. ಬಾಗಿಲನ್ನು ಮುಚ್ಚಿದ ಮಾತ್ರಕ್ಕೆ ಒಳಗೆ ಬಂದದ್ದು ಮಾಯವಾಗುವುದಿಲ್ಲ. ಅದರ ಫಲವನ್ನು ಉಣ್ಣಲೇಬೇಕು. ಅದಕ್ಕಾಗಿಯೇ ಬರುವುದಕ್ಕೆ ಮುಂಚೆ ತಡೆಯಬೇಕೆಂದು ಬಲ್ಲವರು ಹೇಳಿದರು.

ಇಲ್ಲಿ ಒಂದು ಸಂದೇಹವು ಬರಬಹುದು. ಸಂವರವೆಂದು ಹೇಳಿಕೊಂಡು ಗಡಿನಾಡಿನವರು ತಮಗೆ ಸಲ್ಲಬೇಕಾದುದನ್ನು ಕೇಳದೆ ಬಾಯಿ ಮುಚ್ಚಿಕೊಂಡಿರಬೇಕೆ? ಹಾಗಲ್ಲ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆಂದು ನಮ್ಮ ಸಂವಿಧಾನದ 350ಎ ವಿಧಿಯು ಹೇಳುತ್ತದೆ. 1956ರ ಏಳನೆಯ ತಿದ್ದುಪಡಿಯಿಂದ ಅದು ಸೇರಿತು. ಪಠ್ಯಪುಸ್ತಕ ಬಾರದಿದ್ದರೆ, ಉಪಾಧ್ಯಾಯರ ಸ್ಥಾನ ಖಾಲಿಯಿದ್ದರೆ ಕೇಳಲೇಬೇಕು, ಮತ್ತೆ ಮತ್ತೆ ಕೇಳಬೇಕು. ಜೈನಶಾಸ್ತ್ರವೂ ಗೃಹಸ್ಥನಿಗೆ ಸಂಕಲ್ಪಪೂರ್ವಕವಾದ ಹಿಂಸೆಯನ್ನು ಬಿಡಲೇಬೇಕೆಂದು ವಿಧಿಸಿದೆಯಲ್ಲದೆ, ತನ್ನವರನ್ನು ಕಾಪಾಡಿಕೊಳ್ಳಬಾರದೆಂದು ಹೇಳಿಲ್ಲ. ಹಕ್ಕನ್ನು ಕೇಳುವಾಗ ನೆರೆಯ ನುಡಿಯವರ ಮೇಲೆ ದ್ವೇಷವನ್ನು ತುಂಬಿಕೊಳ್ಳುವುದು ಬೇರೆ, ನೇರವಾಗಿ ನಿಂತು ಕೇಳುವುದು ಬೇರೆ. ಒಂದರಲ್ಲಿ ಮೈಗೆ ಎಣ್ಣೆಯಿದೆ, ಇನ್ನೊಂದರಲ್ಲಿಲ್ಲ. ಅಲ್ಲದೆ ನಮ್ಮ ಶಾಲೆಯಿಂದ ಆ ಮೂವರು ಮಕ್ಕಳನ್ನು ಹೊರಗೆ ಕಳುಹಿಸಿದವರು ತೆಲುಗರಲ್ಲ, ಸರ್ಕಾರವಲ್ಲ, ನಮ್ಮ ನಾಲಗೆ. ಕನ್ನಡವನ್ನು ಉಳಿಸಬೇಕೆಂದು ಸೇರಿದ ಸಭೆಯಲ್ಲಿ ಕನ್ನಡದಲ್ಲಿಯೇ ಆಡಿದ ಒಂದು ಮಾತು.

ಆ ಹಿರಿಯರು ಈಗ ನಮ್ಮೊಡನಿಲ್ಲ. ಪುಸ್ತಕ ಭಂಡಾರದ ಕಲ್ಲಿನಲ್ಲಿ ಇಂದಿಗೂ ಯಾರ ಹೆಸರೂ ಇಲ್ಲ. ತಮ್ಮ ತಂದೆಯವರ ಹೆಸರು ಬೇಡವೆಂದವರೂ ಅವರೇ. ಮಕ್ಕಳೆ, ನೀವು ಆ ಬಾಗಿಲನ್ನು ದಾಟಿ ಒಳಗೆ ಹೋಗುವಾಗ ಬರಿಯ ಕಲ್ಲನ್ನು ಒಮ್ಮೆ ನೋಡಿರಿ. ಸಿಟ್ಟು ಬಂದಾಗ, ಆಡಬಾರದ ಮಾತು ತುಟಿಯವರೆಗೆ ಬಂದಾಗ, ಅದನ್ನು ನೆನೆಯಿರಿ. ಐವತ್ತೇಳು ಉಪಾಯಗಳ ಹೆಸರುಗಳು ಮರೆತುಹೋದರೂ ಚಿಂತೆಯಿಲ್ಲ. ಒಂದು ಉಸಿರಿನಷ್ಟು ಕಾಲ ತಡೆದರೆ ಅಷ್ಟು ಸಂವರವಾದಂತೆಯೇ.

 ನಮ್ಮ ಮಾತಿನಲ್ಲಿ ಯಾರ ಮನಸ್ಸಿಗಾದರೂ ನೋವಾಗಿದ್ದರೆ ಕ್ಷಮಿಸಬೇಕೆಂದು ಬೇಡಿ ಮುಗಿಸುತ್ತೇವೆ.